ಇಟಲಿಯ ವಿಲ್ಲಾವನ್ನು ಕಣದ ಕಡೆಯಿಂದ ನೋಡುವ ಬಗೆ

ಓದು, ನೌಕರಿ ಅಥವಾ ಪ್ರವಾಸದ ನಿಮಿತ್ತ ಇಟಲಿಗೆ ಹೋಗಿಬರುವ ಕೊಡಗಿನವರು ಈಗ ಅಪರೂಪವೇನಲ್ಲ. ವೆನಿಸ್ ನಗರವನ್ನು ನೋಡಿ ಮುಗಿಸಿದ ಮೇಲೆ ಅವರಲ್ಲಿ ಕೆಲವರಾದರೂ ಒಳನಾಡಿನ ವಿಲ್ಲಾಗಳ ಕಡೆಗೆ, ಎಂದರೆ ಹಿಂದಿನ ಶ್ರೀಮಂತ ಮನೆತನಗಳು ಹಳ್ಳಿಗಾಡಿನಲ್ಲಿ ಕಟ್ಟಿಸಿಕೊಂಡ ದೊಡ್ಡ ಮನೆಗಳ ಕಡೆಗೆ, ಹೋಗುತ್ತಾರೆ. ಎತ್ತರದ ಕಂಬಗಳ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ಒಳಗಿನ ಭಿತ್ತಿಚಿತ್ರಗಳನ್ನು ಕತ್ತೆತ್ತಿ ನೋಡಿ, ಅರ್ಧ ಗಂಟೆಯಲ್ಲಿ ಹೊರಗೆ ಬರುತ್ತಾರೆ. ಅಷ್ಟಕ್ಕೇ ತೃಪ್ತರಾಗುವವರಿಗೆ ಈ ಬರಹದ ಅಗತ್ಯವಿಲ್ಲ. ಆ ಮನೆ ಯಾಕೆ ಅಲ್ಲಿದೆ, ಯಾಕೆ ಹಾಗಿದೆ ಎಂದು ತಿಳಿಯಬೇಕೆನ್ನುವವರು ಮುಂಬಾಗಿಲನ್ನು ಸ್ವಲ್ಪ ಹೊತ್ತು ಮರೆತು ಕಣ, ಕಣಜ, ಕೊಟ್ಟಿಗೆಗಳಿಂದ ನೋಡಲು ತೊಡಗಬೇಕು. ವೆನಿಸ್ ಸುತ್ತಲಿನ ವೆನೆಟೊ ಪ್ರಾಂತ್ಯದ 16ನೇ ಶತಮಾನದ ವಿಲ್ಲಾಗಳಲ್ಲಿ ಹೆಚ್ಚಿನವು ಬೇಸಾಯ ನಡೆಸಲೆಂದೇ ಕಟ್ಟಿದಂಥವು. ಭತ್ತದ ಗದ್ದೆ, ಕಾಫಿ ಕಣ, ಮಳೆಯ ಲೆಕ್ಕ ಇವುಗಳ ನಡುವೆ ಬೆಳೆದವರಿಗೆ ಅವನ್ನು ಅರ್ಥಮಾಡಿಕೊಳ್ಳಲು ಬೇಕಾದ ಅರ್ಧ ತಿಳಿವಳಿಕೆ ಮನೆಯಲ್ಲೇ ಸಿಕ್ಕಿರುತ್ತದೆ.

ಹೊರಡುವ ಮುನ್ನ ತಿಳಿದಿರಬೇಕಾದ ಚರಿತ್ರೆ

ವಿಲ್ಲಾ ಎಂಬ ಕಲ್ಪನೆ ರೋಮನ್ನರದು. ಕ್ರಿ.ಶ. 1ನೇ ಶತಮಾನದಲ್ಲಿ ಕೃಷಿಯ ಬಗ್ಗೆ ಗ್ರಂಥ ಬರೆದ ಕೊಲುಮೆಲ್ಲಾ ಅದನ್ನು ಮೂರು ಭಾಗಗಳಾಗಿ ವಿಂಗಡಿಸುತ್ತಾನೆ: ಯಜಮಾನನ ವಾಸದ ಭಾಗ, ಆಳುಕಾಳು ಮತ್ತು ದನಕರುಗಳ ಭಾಗ, ಎಣ್ಣೆ, ದ್ರಾಕ್ಷಾರಸ, ಧಾನ್ಯಗಳನ್ನು ಕೂಡಿಡುವ ಭಾಗ. ಈ ಮೂರನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು, 1,500 ವರ್ಷಗಳ ನಂತರದ ವಿಲ್ಲಾದಲ್ಲಿಯೂ ದಾರಿ ತಪ್ಪುವುದಿಲ್ಲ.

ವೆನಿಸ್ಸಿನ ಶ್ರೀಮಂತರು ಮೂಲತಃ ಸಮುದ್ರ ವ್ಯಾಪಾರಿಗಳು. ನಮ್ಮ ಘಟ್ಟದ ಕೆಳಗಿನ ಮಲಬಾರಿನಿಂದ ಹೊರಟ ಕರಿಮೆಣಸು ಅರಬ್ಬೀ ಸಮುದ್ರ ದಾಟಿ, ಅಲೆಕ್ಸಾಂಡ್ರಿಯಾ ಮುಟ್ಟಿ, ಅಲ್ಲಿ ವೆನಿಸ್ಸಿನ ಹಡಗು ಹತ್ತುತ್ತಿತ್ತು. 1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಯ ಬಳಿ ಬಂದಿಳಿದ ಮೇಲೆ ಆ ವ್ಯಾಪಾರಕ್ಕೆ ಪೆಟ್ಟು ಬಿತ್ತು, ಅದಕ್ಕೇ ಅವರು ಭೂಮಿಯ ಕಡೆಗೆ ತಿರುಗಿದರು ಎಂದು ಒಂದೇ ಉಸಿರಿಗೆ ಹೇಳಿ ಮುಗಿಸುವವರಿದ್ದಾರೆ. ಇದನ್ನು ಪೂರ್ತಿಯಾಗಿ ಒಪ್ಪಬೇಕಾಗಿಲ್ಲ, ಏಕೆಂದರೆ 16ನೇ ಶತಮಾನದ ನಡುಭಾಗಕ್ಕೆ ವೆನಿಸ್ಸಿನ ಮೆಣಸಿನ ವ್ಯಾಪಾರ ಬಹಳಮಟ್ಟಿಗೆ ಚೇತರಿಸಿಕೊಂಡಿತ್ತು. ಜನಸಂಖ್ಯೆ ಏರಿ ಧಾನ್ಯದ ಬೆಲೆ ಹೆಚ್ಚಿದ್ದು, ಜೌಗು ಭೂಮಿಯ ನೀರನ್ನು ಕಾಲುವೆ ತೋಡಿ ಬಸಿದರೆ ಒಳ್ಳೆಯ ಹೊಲ ಸಿಗುತ್ತದೆಂದು ಕಂಡುಕೊಂಡದ್ದು, ಇವು ಹೆಚ್ಚು ಬಲವಾದ ಕಾರಣಗಳು. 1509ರ ಅಗ್ನಾದೆಲ್ಲೊ ಕದನದಲ್ಲಿ ಸೋತು ಒಳನಾಡನ್ನು ಕಳೆದುಕೊಂಡ ವೆನಿಸ್ ಗಣರಾಜ್ಯ ಕೆಲವೇ ವರ್ಷಗಳಲ್ಲಿ ಅದರ ಬಹುಭಾಗವನ್ನು ಮರಳಿ ಪಡೆಯಿತು. ಆಮೇಲೆ ಆ ನೆಲವನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದು ರಾಜ್ಯಕ್ಕೂ ಮನೆತನಗಳಿಗೂ ಒಂದೇ ಕೆಲಸವಾಯಿತು. 1556ರಲ್ಲಿ ಪಾಳುಭೂಮಿಯ ಸಾಗುವಳಿಗೆಂದೇ ಸರ್ಕಾರ ಒಂದು ಅಧಿಕಾರಿ ಮಂಡಳಿಯನ್ನು ನೇಮಿಸಿತು. ನಾವು ಇಂದು ಮೆಚ್ಚಿ ನೋಡುವ ವಿಲ್ಲಾಗಳಲ್ಲಿ ಅನೇಕವು ಆ ದಶಕದ ಹಿಂದುಮುಂದಿನವು.

ಅವನ್ನು ಕಟ್ಟಿದವರಲ್ಲಿ ಮುಖ್ಯನಾದವನು ಆಂಡ್ರಿಯಾ ಪಲ್ಲಾಡಿಯೊ. 1508ರಲ್ಲಿ ಪಾದುವಾದಲ್ಲಿ ಹುಟ್ಟಿದ ಇವನು ಕಲ್ಲುಕುಟಿಕನಾಗಿ ಕೆಲಸ ಕಲಿತವನು. ವಿಚೆಂಜಾ ನಗರದ ವಿದ್ವಾಂಸ ಜಾನ್ ಜೋರ್ಜೊ ತ್ರಿಸ್ಸಿನೊ ಇವನನ್ನು ಗುರುತಿಸಿ, ಪ್ರಾಚೀನ ಕಟ್ಟಡಗಳನ್ನು ಅಭ್ಯಾಸ ಮಾಡಿಸಿ, ಪಲ್ಲಾಡಿಯೊ ಎಂಬ ಹೆಸರನ್ನೂ ಕೊಟ್ಟ. 1570ರಲ್ಲಿ ಪಲ್ಲಾಡಿಯೊ ಪ್ರಕಟಿಸಿದ ‘ವಾಸ್ತುಶಿಲ್ಪದ ನಾಲ್ಕು ಪುಸ್ತಕಗಳು’ ತಾನು ಕಟ್ಟಿದ ಮನೆಗಳ ನಕ್ಷೆಗಳನ್ನೂ ಅಳತೆಗಳನ್ನೂ ತನ್ನ ಮಾತಿನಲ್ಲಿಯೇ ವಿವರಿಸುತ್ತದೆ. ಇದರ ಎರಡನೆಯ ಪುಸ್ತಕದ ನಕ್ಷೆಗಳು ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತವೆ. ನೋಡಲಿರುವ ವಿಲ್ಲಾದ ಪುಟವನ್ನು ಕಾಗದದ ಮೇಲೆ ಮುದ್ರಿಸಿಕೊಂಡು ಹೋಗಿ. ಅಂಗಳದಲ್ಲಿ ನಿಂತು ಗುರುತು ಹಾಕಿಕೊಳ್ಳಲು ಮೊಬೈಲಿನ ಪರದೆಗಿಂತ ಕಾಗದವೇ ಅನುಕೂಲ.

ಮನೆಯಲ್ಲೇ ಒಂದು ಅಭ್ಯಾಸ

ಕೊಡಗನ್ನು ಬಿಡುವ ಮೊದಲು ಒಂದು ಐನ್‌ಮನೆಯನ್ನು, ಎಂದರೆ ಕೊಡವ ಮನೆತನದ ಮೂಲ ಮನೆಯನ್ನು, ಇದೇ ದೃಷ್ಟಿಯಿಂದ ನೋಡಿ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು. ಸ್ವಂತ ಒಕ್ಕದ್ದಾದರೆ (ಮನೆತನದ್ದಾದರೆ) ಸರಿ. ಬೇರೆಯವರದಾದರೆ ಮನೆತನದ ಮುಖ್ಯಸ್ಥರಾದ ಪಟ್ಟೇದಾರರನ್ನೋ ಮನೆಯ ಹಿರಿಯರನ್ನೋ ಮೊದಲೇ ಕೇಳಿಕೊಂಡು ಹೋಗಬೇಕು, ನೆಲ್ಲಕ್ಕಿ ನಡುಬಾಡೆಯ (ನಡುಮನೆಯ) ದೀಪದ ಮುಂದೆ ಒಪ್ಪಿಗೆಯಿಲ್ಲದೆ ಕ್ಯಾಮರಾ ಎತ್ತಬಾರದು. ಓಣಿಯಲ್ಲಿ ನಡೆದು ಬರುವಾಗ ಮನೆ ಎಲ್ಲಿಂದ ಕಣ್ಣಿಗೆ ಬೀಳುತ್ತದೆ, ಗದ್ದೆಯಿಂದ ಎಷ್ಟು ಎತ್ತರದಲ್ಲಿದೆ, ಜಗಲಿಯ ಮರದ ಆಸನವಾದ ಐಮರದ ಮೇಲೆ ಕುಳಿತವರಿಗೆ ಏನೇನು ಕಾಣುತ್ತದೆ, ಭತ್ತ ಒಳಗೆ ಬರುವ ದಾರಿ ಯಾವುದು, ಪತ್ತಾಯ (ಭತ್ತದ ಕಣಜ) ಎಲ್ಲಿದೆ ಎಂಬುದನ್ನು ಬರೆದುಕೊಳ್ಳಿ. ಆಮೇಲೆ ಬಿಡುವಿದ್ದರೆ ಕಕ್ಕಬ್ಬೆಯ ಬಳಿಯ ನಾಲ್ಕುನಾಡು ಅರಮನೆಗೂ ಹೋಗಿ ಅವೇ ಪ್ರಶ್ನೆಗಳನ್ನು ಕೇಳಿ. ಕೊಡಗಿನ ಅರಸ ದೊಡ್ಡವೀರರಾಜೇಂದ್ರ 1792ರ ಸುಮಾರಿಗೆ ಕಾಡಿನ ಅಂಚಿನಲ್ಲಿ ಕಟ್ಟಿಸಿದ ಆ ಪುಟ್ಟ ಅರಮನೆಯಲ್ಲಿ ಕಣ, ಕಣಜಗಳ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಅದನ್ನು ಕಟ್ಟಿಸಿದ ಉದ್ದೇಶವೇ ಬೇರೆ. ಬೇಸಾಯದ ಮನೆಗೂ ಅರಸನ ಬೀಡಿಗೂ ಇರುವ ಈ ವ್ಯತ್ಯಾಸ ಮುಂದೆ ವಿಚೆಂಜಾದಲ್ಲಿ ಉಪಯೋಗಕ್ಕೆ ಬರುತ್ತದೆ.

ಅಂಗಳದಿಂದ ಅಟ್ಟದವರೆಗೆ

ಮೊದಲ ಭೇಟಿಗೆ ಫಾಂಜೊಲೊ ಎಂಬ ಊರಿನ ವಿಲ್ಲಾ ಎಮೊವನ್ನು ಆರಿಸಿಕೊಳ್ಳುವಂತೆ ನನ್ನ ಸಲಹೆ. ಲಿಯೊನಾರ್ದೊ ಎಮೊ ಎಂಬ ವೆನಿಸ್ ಶ್ರೀಮಂತನಿಗಾಗಿ 1550ರ ದಶಕದ ಕೊನೆಯಲ್ಲಿ ಪಲ್ಲಾಡಿಯೊ ರೂಪಿಸಿದ ಈ ಮನೆ 2004ರವರೆಗೆ ಅದೇ ಮನೆತನದ ಕೈಯಲ್ಲಿತ್ತು; ಬಹುಶಃ ಅದರಿಂದಲೇ ಮೂಲ ವಿನ್ಯಾಸ ಹೆಚ್ಚು ಕೆಡದೆ ಉಳಿದಿದೆ. ಗೇಟು ದಾಟಿದ ಕೂಡಲೇ ಎದುರಿನ ಕಂಬಗಳ ಕಡೆಗೆ ನಡೆಯಬೇಡಿ. ನಡುಮನೆಯ ಎಡಕ್ಕೂ ಬಲಕ್ಕೂ ಕೈಚಾಚಿದ ಹಾಗೆ ಉದ್ದಕ್ಕೆ ಹೋಗಿರುವ ಕಮಾನು ಸಾಲುಗಳಿವೆಯಲ್ಲ, ಅವುಗಳಿಂದ ಪ್ರಾರಂಭಿಸಿ. ಅವನ್ನು ಬಾರ್ಕೆಸ್ಸಾ ಎನ್ನುತ್ತಾರೆ. ಬಂಡಿ, ನೇಗಿಲು, ಹುಲ್ಲು, ಧಾನ್ಯ, ದನಕರು ಇವೆಲ್ಲಕ್ಕೆ ಅಲ್ಲಿ ಜಾಗ. ಸಾಲಿನ ಎರಡು ತುದಿಗಳಲ್ಲಿ ಗೋಪುರದಂತೆ ಎದ್ದಿರುವುದು ಪಾರಿವಾಳದ ಗೂಡು. ಮಾಂಸಕ್ಕೂ ಹೊಲದ ಗೊಬ್ಬರಕ್ಕೂ ಪಾರಿವಾಳ ಸಾಕುತ್ತಿದ್ದರು.

ಕಮಾನುಗಳ ಕೆಳಗೆ ಈ ತುದಿಯಿಂದ ಆ ತುದಿಗೆ ಒಮ್ಮೆ ನಡೆದು ನೋಡಬೇಕು. ಯಜಮಾನ ಮಳೆಯಲ್ಲಿ ನೆನೆಯದೆ, ಬಿಸಿಲಿಗೆ ಬಾಡದೆ ತನ್ನ ಎಲ್ಲ ಕೆಲಸಗಳ ಮೇಲೆ ಕಣ್ಣಿಡಲು ಇಂಥ ಸೂರು ಬೇಕೆಂದು ಪಲ್ಲಾಡಿಯೊ ಬರೆದಿದ್ದಾನೆ. ಮುಂಗಾರಿನಲ್ಲಿ ಮನೆಯಿಂದ ಕೊಟ್ಟಿಗೆಗೆ ಹೋಗಲು ಕೊಡೆ ಹುಡುಕಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಣದ ಬಗ್ಗೆ ಅವನು ಹೇಳುವುದಂತೂ ಇನ್ನೂ ಹತ್ತಿರದ ಮಾತು: ಕಣ ಬಿಸಿಲಿಗೆ ತೆರೆದಿರಬೇಕು, ವಿಶಾಲವಾಗಿರಬೇಕು, ನೆಲ ಬಡಿದು ಗಟ್ಟಿ ಮಾಡಿರಬೇಕು, ನಡುಭಾಗ ತುಸು ಉಬ್ಬಿರಬೇಕು, ಹಠಾತ್ತನೆ ಮಳೆ ಬಂದರೆ ಕಾಳನ್ನು ಒಳಗೆ ಸಾಗಿಸಲು ಒಂದು ಮಗ್ಗುಲಲ್ಲಾದರೂ ಚಾವಣಿಯಿರಬೇಕು, ಧೂಳು ಬರುವಷ್ಟು ಮನೆಗೆ ಹತ್ತಿರವೂ ಇರಬಾರದು, ಕಣ್ಣಿಗೆ ಕಾಣದಷ್ಟು ದೂರವೂ ಆಗಬಾರದು. ಹರಡಿದ ಚೆರಿ ಕಾಫಿ ಒಣಗುವ ಮೊದಲೇ ಮೋಡ ಕವಿದಾಗ ಟಾರ್ಪಾಲಿಗೆ ಓಡುವ ನಮ್ಮ ತೋಟಗಳ ಕಣವನ್ನು ಅಳೆದು ನೋಡಿದರೆ ಈ ನಿಯಮಗಳಲ್ಲಿ ಬಹಳಷ್ಟು ಅಲ್ಲಿಯೂ ಕಾಣಿಸುತ್ತವೆ.

ವಿಲ್ಲಾ ಎಮೊದ ನಡುಮನೆಯ ಮುಂದೆ ಮೆಟ್ಟಿಲಿಗೆ ಬದಲು ಅಗಲವಾದ, ಉದ್ದವಾದ ಕಲ್ಲುಹಾಸಿನ ಇಳಿಜಾರಿದೆ. ಅದರ ಮೇಲೆ ಕಾಳು ಬಡಿಯುತ್ತಿದ್ದರೆಂದು ಕೆಲವು ವಿದ್ವಾಂಸರು ವಾದಿಸುತ್ತಾರೆ. ಗೌರವದ ಪ್ರವೇಶಕ್ಕೆಂದೇ ಮಾಡಿದ್ದೆಂದು ಇತರರ ಅಭಿಪ್ರಾಯ. ಅದರ ಮೇಲೆ ನಿಂತು ಬಿಸಿಲು ಯಾವ ಕಡೆಯಿಂದ ಬೀಳುತ್ತದೆ, ನೀರು ಯಾವ ಕಡೆಗೆ ಹರಿಯುತ್ತದೆ, ಬಾರ್ಕೆಸ್ಸಾಕ್ಕೆ ಎಷ್ಟು ಹೆಜ್ಜೆ ಎಂದು ಗಮನಿಸಿ ನೀವೇ ತೀರ್ಮಾನಿಸಿಕೊಳ್ಳಬಹುದು.

ಕಣಜದ ಗುರುತು ಹಿಡಿಯುವುದು ಸುಲಭ. ಚಾವಣಿಯ ಅಂಚಿಗೆ ತಾಗಿದಂತೆ ಚಿಕ್ಕ ಚೌಕ ಕಿಟಕಿಗಳ ಸಾಲು ಕಂಡರೆ ಅದರ ಹಿಂದೆ ಅಟ್ಟವಿದೆ, ಅಟ್ಟದಲ್ಲಿ ಧಾನ್ಯವಿಡುತ್ತಿದ್ದರು ಎಂದು ಊಹಿಸಬಹುದು. ನೆಲದ ತೇವ ತಾಗದಿರಲಿ, ಗಾಳಿಯಾಡಲಿ ಎಂಬುದು ಉದ್ದೇಶ. ಕಾಳು ಕಾವು ಹೆಚ್ಚಿ ಕೆಡದಂತೆ ಕಣಜ ಉತ್ತರಕ್ಕೆ ಮುಖ ಮಾಡಿರಬೇಕು, ಹುಲ್ಲಿನ ಮನೆ ಮಾತ್ರ ದಕ್ಷಿಣಕ್ಕೋ ಪಶ್ಚಿಮಕ್ಕೋ ಇದ್ದು ಹುಲ್ಲು ಚೆನ್ನಾಗಿ ಒಣಗಬೇಕು, ಇಲ್ಲವಾದರೆ ಹುದುಗಿ ಬೆಂಕಿ ಹತ್ತೀತು ಎಂಬ ಎಚ್ಚರಿಕೆಯೂ ಪಲ್ಲಾಡಿಯೊವಿನ ಪುಸ್ತಕದಲ್ಲಿದೆ. ಕೈಯಲ್ಲಿ ದಿಕ್ಸೂಚಿ ಹಿಡಿದು ಇವನ್ನು ಒಂದೊಂದಾಗಿ ಪರೀಕ್ಷಿಸುವುದು ಅರ್ಧ ಗಂಟೆಯ ಕೆಲಸ, ಆದರೆ ಇಡೀ ಮನೆಯ ತರ್ಕ ಇದರಿಂದ ಬಿಚ್ಚಿಕೊಳ್ಳುತ್ತದೆ.

ಕೋಣೆಗಳ ಅಳತೆ

ಈಗ ಒಳಗೆ ಹೋಗಬಹುದು. ನಡುವೆ ದೊಡ್ಡ ಹಜಾರ, ಅದರ ಎರಡೂ ಮಗ್ಗುಲಲ್ಲಿ ಒಂದು ದೊಡ್ಡ, ಒಂದು ಮಧ್ಯಮ, ಒಂದು ಚಿಕ್ಕ ಕೋಣೆ: ಪಲ್ಲಾಡಿಯೊವಿನ ಮನೆಗಳಲ್ಲಿ ಪದೇ ಪದೇ ಕಾಣುವ ಏರ್ಪಾಡು ಇದು. ಎಡಭಾಗ ಬಲಭಾಗಕ್ಕೆ ಸಮನಾಗಿರುವುದು ಕಣ್ಣಿನ ಚೆಂದಕ್ಕಷ್ಟೇ ಎಂದು ಭಾವಿಸಬೇಡಿ. ಗೋಡೆಗಳು ಭಾರವನ್ನು ಎರಡು ಕಡೆಗೂ ಒಂದೇ ರೀತಿಯಲ್ಲಿ ಹೊರಬೇಕೆಂಬ ಕಾರಣವನ್ನೂ ಅವನು ಕೊಟ್ಟಿದ್ದಾನೆ. ವಿಲ್ಲಾ ಎಮೊದ ನಕ್ಷೆಯಲ್ಲಿ ಕೋಣೆಗಳು 16 ಅಡಿಗೆ 16, 12ಕ್ಕೆ 16, 16ಕ್ಕೆ 27. ಹಜಾರ 27ಕ್ಕೆ 27. ಇಲ್ಲಿ ಅಡಿಯೆಂದರೆ ವಿಚೆಂಜಾದ ಅಡಿ, ಸುಮಾರು 35.7 ಸೆಂಟಿಮೀಟರ್, ನಮ್ಮ ಅಡಿಗಿಂತ ಐದು ಸೆಂಟಿಮೀಟರಿನಷ್ಟು ದೊಡ್ಡದು. ಹಾಗಾಗಿ 16 ಅಡಿಯ ಕೋಣೆ ಸುಮಾರು 5.7 ಮೀಟರ್ ಬರುತ್ತದೆ. ಟೇಪು ಹಿಡಿಯಲು ಕಾವಲಿನವರು ಬಿಡದಿದ್ದರೆ ಹೆಜ್ಜೆಯಲ್ಲಿ ಅಳೆಯಿರಿ, ಬಿಟ್ಟರೆ ಇಬ್ಬರಿದ್ದು ಟೇಪಿನಲ್ಲಿ ಅಳೆಯಿರಿ.

ಈ ಅಂಕಿಗಳ ಹಿಂದೆ ಲೆಕ್ಕವಿದೆ. ಕೋಣೆಗೆ ಒಪ್ಪುವ ಆಕಾರಗಳು ಏಳು ಎಂದು ಪಲ್ಲಾಡಿಯೊ ಹೇಳುತ್ತಾನೆ: ವೃತ್ತ, ಚೌಕ, ಚೌಕದ ಕರ್ಣವನ್ನೇ ಉದ್ದವಾಗಿ ಹೊಂದಿರುವುದು, ಚೌಕಕ್ಕೆ ಮೂರರಲ್ಲೊಂದು ಪಾಲು ಸೇರಿಸಿದ್ದು, ಅರ್ಧ ಸೇರಿಸಿದ್ದು, ಮೂರರಲ್ಲೆರಡು ಪಾಲು ಸೇರಿಸಿದ್ದು, ಎರಡು ಚೌಕ ಕೂಡಿದ್ದು. 12ಕ್ಕೆ 16 ಎಂದರೆ ಚೌಕಕ್ಕೆ ಮೂರರಲ್ಲೊಂದು ಪಾಲು ಸೇರಿದಂತಾಯಿತು. 16ಕ್ಕೆ 27 ಎಂಬುದು ಚೌಕ ಮತ್ತು ಮೂರರಲ್ಲೆರಡರ ಅಳತೆಗೆ ಬಹಳ ಹತ್ತಿರ. ಸಮತಟ್ಟಾದ ಚಾವಣಿಯ ಕೋಣೆಯ ಎತ್ತರ ಅದರ ಅಗಲದಷ್ಟೇ ಇರಬೇಕೆಂಬ ನಿಯಮವೂ ಉಂಟು. ಇದನ್ನು ಒಮ್ಮೆ ಪರೀಕ್ಷಿಸಿದವರು ಆಮೇಲೆ ಯಾವ ಹಳೆಯ ಬಂಗಲೆಗೆ ಹೋದರೂ ಮೊದಲು ಕೋಣೆಯ ಉದ್ದಗಲ ನೋಡುವ ಚಾಳಿಗೆ ಬೀಳುತ್ತಾರೆ.

ಗೋಡೆ, ಕಂಬಗಳನ್ನು ಹತ್ತಿರದಿಂದ ನೋಡಿ. ದೂರದಿಂದ ಅಮೃತಶಿಲೆಯೆನಿಸುವ ಕಂಬಗಳು ಸಾಮಾನ್ಯವಾಗಿ ಇಟ್ಟಿಗೆಯವು. ದುಂಡಗಿನ ಕಂಬಕ್ಕೆ ಹೊಂದುವಂತೆ ಬಾಗಿಸಿ ಸುಟ್ಟ ಇಟ್ಟಿಗೆಗಳನ್ನು ಜೋಡಿಸಿ, ಮೇಲೆ ಸುಣ್ಣ ಮತ್ತು ಅಮೃತಶಿಲೆಯ ಪುಡಿ ಬೆರೆಸಿದ ಗಾರೆ ಬಳಿದಿರುತ್ತಾರೆ. ನಿಜವಾದ ಕಲ್ಲು ಬುಡ ಮತ್ತು ಬೋದಿಗೆಗಳಿಗಷ್ಟೇ. ಬ್ರೆಂಟಾ ಕಾಲುವೆಯ ದಡದಲ್ಲಿರುವ ವಿಲ್ಲಾ ಫೋಸ್ಕಾರಿಯಲ್ಲಿ, ಎಂದರೆ ಮಾಲ್ಕೊಂತೆಂತಾ ಎಂದು ಹೆಸರಾದ ಮನೆಯಲ್ಲಿ, ಗಾರೆಯ ಮೇಲೆ ಗೆರೆ ಕೊರೆದು ಕಲ್ಲಿನ ಕಟ್ಟಡದ ಭ್ರಮೆ ಹುಟ್ಟಿಸಿರುವುದನ್ನು ಕಾಣಬಹುದು. ವೆಚ್ಚ ಉಳಿಸುವ ಈ ಜಾಣತನವನ್ನು ನಾನು ಭಿತ್ತಿಚಿತ್ರಗಳಿಗಿಂತ ಹೆಚ್ಚು ಮೆಚ್ಚುತ್ತೇನೆ.

ಚಿತ್ರಗಳೂ ನೀರೂ

ಭಿತ್ತಿಚಿತ್ರಗಳಿಗೆ ಮಾಸೆರ್ ಎಂಬ ಊರಿನ ವಿಲ್ಲಾ ಬಾರ್ಬಾರೊಗೆ ಹೋಗಬೇಕು. ದಾನಿಯೆಲೆ ಮತ್ತು ಮಾರ್ಕಾಂತೊನಿಯೊ ಬಾರ್ಬಾರೊ ಎಂಬ ವಿದ್ಯಾವಂತ ಸೋದರರ ಮನೆಯಿದು. ನೆಲ ಸವೆಯದಿರಲೆಂದು ಶೂಗಳ ಮೇಲೆಯೇ ಹಾಕಿಕೊಳ್ಳಲು ಬಟ್ಟೆಯ ಚಪ್ಪಲಿ ಕೊಡುತ್ತಾರೆ, ಅದನ್ನು ಎಳೆದುಕೊಂಡು ನಿಧಾನವಾಗಿ ನಡೆಯಬೇಕಾಗುತ್ತದೆ. ಚಿತ್ರ ನೋಡಲು ಅದೇ ಸರಿಯಾದ ವೇಗ. 1560ರ ಸುಮಾರಿಗೆ ಪಾವೊಲೊ ವೆರೊನೆಸೆ ಬರೆದ ಈ ಚಿತ್ರಗಳಲ್ಲಿ ಅರ್ಧ ತೆರೆದ ಬಾಗಿಲಿನಿಂದ ಒಬ್ಬ ಪುಟ್ಟ ಹುಡುಗಿ ಇಣುಕುತ್ತಾಳೆ. ಬಾಗಿಲೂ ಚಿತ್ರವೇ, ಹುಡುಗಿಯೂ ಚಿತ್ರವೇ. ಮೇಲಿನ ಮೊಗಸಾಲೆಯಿಂದ ಮನೆಯೊಡತಿ ದಾದಿಯ ಜೊತೆ ಕೆಳಗೆ ನೋಡುತ್ತಿದ್ದಾಳೆ. ಒಂದು ಮೂಲೆಯಲ್ಲಿ ಯಾರೋ ಮರೆತು ಬಿಟ್ಟಂತೆ ಒಂದು ಜೊತೆ ಚಪ್ಪಲಿ ಮತ್ತು ಕುಂಚವನ್ನೂ ಬರೆದಿದ್ದಾನೆ. ಚಿತ್ರಿಸಿದ ಕಿಟಕಿ ಯಾವುದು, ನಿಜವಾದ ಕಿಟಕಿ ಯಾವುದು, ನಿಜವಾದ ಕಿಟಕಿಯಿಂದ ಏನು ಕಾಣುತ್ತದೆ ಎಂದು ನಕ್ಷೆಯಲ್ಲಿ ಗುರುತಿಸಿಕೊಂಡರೆ ಆ ಮನೆಯವರು ತಮ್ಮ ಹೊಲಗದ್ದೆಗಳನ್ನು ಹೇಗೆ ಕಾಣಲು ಬಯಸುತ್ತಿದ್ದರು ಎಂಬುದು ತಿಳಿಯುತ್ತದೆ. ವಿಲ್ಲಾ ಎಮೊದಲ್ಲಿ ಜಂಬತ್ತಿಸ್ತಾ ಜೆಲೊತ್ತಿ ಎಂಬ ಚಿತ್ರಕಾರ ಮುಂಬಾಗಿಲ ಮೇಲೆಯೇ ಧಾನ್ಯದೇವತೆ ಸೆರೆಸ್‌ಳನ್ನು ಬೇಸಾಯದ ಸಲಕರಣೆಗಳ ನಡುವೆ ಕೂರಿಸಿದ್ದಾನೆ. ಅಲ್ಲಿ ಮುಚ್ಚುಮರೆಯೇ ಇಲ್ಲ.

ಮಾಸೆರ್‌ನ ಮನೆ ಗುಡ್ಡದ ತಪ್ಪಲಿನಲ್ಲಿದೆ. ಹಿಂಭಾಗದಲ್ಲಿ ಗುಡ್ಡದಿಂದ ಬರುವ ಊಟೆಯ ನೀರಿಗೆ ಶಿಲ್ಪಗಳಿಂದ ತುಂಬಿದ ಅರ್ಧವೃತ್ತದ ಗೋಡೆಯೊಂದನ್ನು ಕಟ್ಟಿದ್ದಾರೆ. ಹೆಚ್ಚಿನವರು ಶಿಲ್ಪ ನೋಡಿ ಮುಂದೆ ಹೋಗುತ್ತಾರೆ. ನೀವು ನೀರಿನ ಬೆನ್ನು ಹತ್ತಿ: ಅದು ಮೀನಿನ ಕೊಳವಾಗಿ, ಅಡುಗೆಮನೆಗೆ ಹೋಗಿ, ತೋಟಗಳಿಗೆ ಹಾಯ್ದು, ಕಡೆಗೆ ರಸ್ತೆಯಾಚೆಯ ಹಣ್ಣಿನ ತೋಪನ್ನು ನೆನೆಸುವಂತೆ ಏರ್ಪಾಡು ಮಾಡಿದ್ದಾಗಿ ಪಲ್ಲಾಡಿಯೊ ವಿವರಿಸಿದ್ದಾನೆ. ಮೇಲಿನ ಮಡಿಯಿಂದ ಕೆಳಗಿನ ಮಡಿಗೆ ನೀರು ಬಿಡುವ ಗದ್ದೆ ಕಂಡವರಿಗೆ ಈ ಇಳಿಜಾರಿನ ಲೆಕ್ಕ ತಾನಾಗಿ ಹೊಳೆಯುತ್ತದೆ.

ರೊತೊಂದಾ ಎಂಬ ಅಪವಾದ

ವಿಚೆಂಜಾದ ಅಂಚಿನಲ್ಲಿರುವ ವಿಲ್ಲಾ ರೊತೊಂದಾ ಎಲ್ಲಕ್ಕಿಂತ ಪ್ರಸಿದ್ಧವಾದದ್ದು. ಆದರೂ ಅದನ್ನು ಕೊನೆಗೆ ನೋಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ನಾಲ್ಕು ಕಡೆಗೂ ಒಂದೇ ರೀತಿಯ ಕಂಬಸಾಲು, ನಡುವೆ ಗುಮ್ಮಟದ ಕೆಳಗೆ ವೃತ್ತಾಕಾರದ ಹಜಾರ, ಗುಡ್ಡದ ನೆತ್ತಿ. ಇದನ್ನೇ ಮೊದಲು ನೋಡಿದವರು ಉಳಿದ ವಿಲ್ಲಾಗಳೂ ಹೀಗೆಯೇ ಎಂದುಕೊಳ್ಳುತ್ತಾರೆ. ಇದು ರೋಮ್‌ನಲ್ಲಿ ಪೋಪರ ಸೇವೆ ಮುಗಿಸಿ ಊರಿಗೆ ಮರಳಿದ ಪಾವೊಲೊ ಅಲ್ಮೆರಿಕೊ ಎಂಬ ಧರ್ಮಾಧಿಕಾರಿಯ ವಿಶ್ರಾಂತಿಯ ಮನೆ. 1560ರ ದಶಕದಲ್ಲಿ ಕೆಲಸ ತೊಡಗಿತು. 1580ರಲ್ಲಿ ಪಲ್ಲಾಡಿಯೊ ತೀರಿಕೊಂಡ ಮೇಲೆ ವಿಂಚೆಂಜೊ ಸ್ಕಾಮೊತ್ಸಿ ಎಂಬ ವಾಸ್ತುಶಿಲ್ಪಿ ಅದನ್ನು ಪೂರ್ತಿಗೊಳಿಸಿದ. ಮೂಲ ವಿನ್ಯಾಸದಲ್ಲಿ ಕಣಜವೂ ಇಲ್ಲ, ಕೊಟ್ಟಿಗೆಯೂ ಇಲ್ಲ. ಸ್ವತಃ ಪಲ್ಲಾಡಿಯೊ ತನ್ನ ಪುಸ್ತಕದಲ್ಲಿ ಇದನ್ನು ಹಳ್ಳಿಯ ವಿಲ್ಲಾಗಳ ಜೊತೆಗಿಡದೆ ನಗರದ ಮನೆಗಳ ಸಾಲಿಗೆ ಸೇರಿಸಿದ್ದಾನೆ. ಮುಂದೆ ಕಾಪ್ರಾ ಮನೆತನದವರು ಕೊಂಡುಕೊಂಡ ಮೇಲೆ ಗೇಟಿನ ದಾರಿಯ ಪಕ್ಕದಲ್ಲಿ ಬೇಸಾಯದ ಕಟ್ಟಡ ಸೇರಿಕೊಂಡಿತು.

ಇನ್ನೊಂದು ಎಚ್ಚರಿಕೆ ಅಗತ್ಯ. 1570ರ ಪುಸ್ತಕದ ನಕ್ಷೆ ಬೇರೆ, ನೆಲದ ಮೇಲಿರುವ ಮನೆ ಬೇರೆ ಆಗಿರುವುದು ಸಾಮಾನ್ಯ. ಪಲ್ಲಾಡಿಯೊ ಮುದ್ರಣಕ್ಕೆ ಕೊಡುವಾಗ ಅಳತೆಗಳನ್ನು ತಿದ್ದಿ, ಆಗದೆ ಉಳಿದ ಭಾಗಗಳನ್ನೂ ಸೇರಿಸಿ, ತಾನು ಬಯಸಿದಂತೆ ಬರೆದಿದ್ದಾನೆ. ಕ್ವಿಂತೊ ಎಂಬ ಊರಿನ ವಿಲ್ಲಾ ತಿಯೆನೆಯಲ್ಲಿ ಯೋಜಿಸಿದ್ದರ ಒಂದು ತುಣುಕಷ್ಟೇ ಕಟ್ಟಡವಾಯಿತು. ಆದ್ದರಿಂದ ಕೈಯಲ್ಲಿರುವ ಮುದ್ರಿತ ನಕ್ಷೆಯ ಮೇಲೆ ಎರಡು ಬಣ್ಣದ ಪೆನ್ನು ಬಳಸಿ: ನಿಜಕ್ಕೂ ಇರುವುದಕ್ಕೆ ಒಂದು, ಕಾಗದದಲ್ಲಿ ಮಾತ್ರ ಇರುವುದಕ್ಕೆ ಇನ್ನೊಂದು. ಹಣ ಸಾಲದೆ ಹೋಯಿತೋ, ಯಜಮಾನ ಸತ್ತನೋ, ಮನಸ್ಸು ಬದಲಾಯಿತೋ ಎಂಬ ಪ್ರಶ್ನೆಗಳು ಆ ಎರಡು ಬಣ್ಣಗಳ ನಡುವಿನಿಂದ ಏಳುತ್ತವೆ.

ಕೇಳಬೇಕಾದ ಪ್ರಶ್ನೆ

ಮಾರ್ಗದರ್ಶಿಗಳು ಮನೆತನದ ವಂಶಾವಳಿಯನ್ನು ಕೇಳದೆಯೇ ಹೇಳುತ್ತಾರೆ. ಕೆಲಸದವರು ಎಲ್ಲಿದ್ದರು ಎಂದು ಮಾತ್ರ ನೀವೇ ಕೇಳಬೇಕು. ನಮ್ಮ ತೋಟಗಳ ಲೈನ್ ಮನೆಗಳು, ಎಂದರೆ ಕೂಲಿಯವರ ಸಾಲುಮನೆಗಳು, ಬಂಗಲೆಯಿಂದ ಎಷ್ಟು ದೂರ, ಯಾವ ದಿಕ್ಕಿನಲ್ಲಿ, ಯಾವ ಇಳಿಜಾರಿನಲ್ಲಿವೆ ಎಂದು ಬಲ್ಲವರಿಗೆ ಈ ಪ್ರಶ್ನೆ ಸಹಜವಾಗಿಯೇ ಹುಟ್ಟುತ್ತದೆ. ವೆನೆಟೊದ ರೈತರು ಮಣ್ಣು, ಮರ, ಹುಲ್ಲುಗಳಿಂದ ಕಟ್ಟಿಕೊಂಡಿದ್ದ ಗುಡಿಸಲುಗಳು ಬಹುತೇಕ ಅಳಿದುಹೋಗಿವೆ. ಉಳಿದಿರುವುದು ಯಜಮಾನರ ಮನೆ. ತೊಸ್ಕಾನಾ ಪ್ರಾಂತ್ಯದ ಕಡೆಗೆ ಹೋದರೆ ಹಿಂದೆ ಪಾಲಿಗೆ ಸಾಗುವಳಿ ಮಾಡುತ್ತಿದ್ದ ಪದ್ಧತಿಯ ಗುರುತುಗಳನ್ನು ಕಾಣಬಹುದು: ಅಲ್ಲಿ ಒಕ್ಕಲು ಬೆಳೆದದ್ದರ ಅರ್ಧವನ್ನು ಭೂಮಾಲೀಕನಿಗೆ ಕೊಡುತ್ತಿದ್ದ. ಇಟಲಿಯಲ್ಲಿ 1964ರ ಕಾನೂನು ಇಂಥ ಹೊಸ ಕರಾರುಗಳನ್ನು ನಿಷೇಧಿಸುವವರೆಗೂ ಈ ಪದ್ಧತಿ ನಡೆದೇ ಇತ್ತು. ಒಕ್ಕಲು ಮನೆಗಳು ತೊಸ್ಕಾನಾದಲ್ಲಿ ಕಲ್ಲಿನವಾದ್ದರಿಂದ ಇಂದೂ ಗುಡ್ಡಗಳ ಮೇಲೆ ನಿಂತಿವೆ, ಅನೇಕವು ಪ್ರವಾಸಿಗರ ವಸತಿಗಳಾಗಿವೆ.

ಪ್ರಯಾಣದ ಮಾತು ಇನ್ನು ಸ್ವಲ್ಪ. ವಿಚೆಂಜಾದಲ್ಲಿ ತಂಗಿದರೆ ರೊತೊಂದಾಗೆ ನಡೆದೇ ಹೋಗಬಹುದು. ದಾರಿಯಲ್ಲಿ ವಿಲ್ಲಾ ವಾಲ್ಮರಾನಾದಲ್ಲಿ ಚಿತ್ರಕಾರರಾದ ತಿಯೆಪೊಲೊ ತಂದೆ ಮತ್ತು ಮಗ 1757ರಲ್ಲಿ ಬರೆದ ಚಿತ್ರಗಳಿವೆ. ಮಾಸೆರ್ ಮತ್ತು ಫಾಂಜೊಲೊ ಒಂದಕ್ಕೊಂದು ದೂರವಿಲ್ಲ, ವಾಹನವಿದ್ದರೆ ಒಂದೇ ದಿನದಲ್ಲಿ ನೋಡಬಹುದು. ಹಲವು ವಿಲ್ಲಾಗಳು ಇಂದಿಗೂ ಖಾಸಗಿ ಸ್ವತ್ತಾಗಿದ್ದು, ಕೆಲವು ದಿನ ಮಾತ್ರ ತೆರೆಯುತ್ತವೆ. ಅವರವರ ಜಾಲತಾಣ ನೋಡಿ ಮೊದಲೇ ಖಚಿತಪಡಿಸಿಕೊಳ್ಳದೆ ಹೊರಡಬೇಡಿ. ಚಳಿಗಾಲದಲ್ಲಿ ಆ ಬಯಲಿನಲ್ಲಿ ಮಂಜು ಮುಸುಕಿ ದೂರದ ನೋಟ ಸಿಗುವುದಿಲ್ಲ, ಆದ್ದರಿಂದ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಕಾಲ ಒಳ್ಳೆಯದು. ವಸತಿಗೆ ಮರಳಿದ ಸಂಜೆಯೇ ಆ ದಿನದ ಮನೆಯ ನಕ್ಷೆಯನ್ನು ನೆನಪಿನಿಂದ ಒಮ್ಮೆ ಬರೆಯಿರಿ, ಮೊದಲು ಕಣ ಮತ್ತು ಕಣಜ, ಆಮೇಲೆ ನೀರಿನ ದಾರಿ, ಕೊನೆಗೆ ಕೋಣೆಗಳು. ನೆನಪಿಗೆ ಬಾರದ ಗೋಡೆಯ ಜಾಗವನ್ನು ಖಾಲಿ ಬಿಟ್ಟು, ಮುದ್ರಿತ ನಕ್ಷೆಯನ್ನು ಮರುದಿನ ಬೆಳಿಗ್ಗೆಯೇ ತೆರೆದು ಹೋಲಿಸಿ ನೋಡಿ.